ಒಣಗಿದ ಗಿಡ ಕೀಳಬೇಡಿ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಸುತ್ತಮುತ್ತ ಇರುವ ಕನ್ನಡದವರ ಮನೆ ಹಿತ್ತಲಲ್ಲಿ ಏನಿರುತ್ತದೆ ಅಂತ ನೋಡದೆಯೇ ಹೇಳಬಹುದು. ಕರಿಬೇವು, ಮಲ್ಲಿಗೆ, ನುಗ್ಗೆ. ನುಗ್ಗೆಗಂತೂ ಇಲ್ಲಿನ ಬಿಸಿಲು ನಮ್ಮೂರಿನದ್ದಕ್ಕಿಂತ ಜಾಸ್ತಿ ಹಿಡಿಸಿದೆ. ಉಮೇದು ಇದ್ದವರ ಮನೆಯಲ್ಲಿ ಬಾಳೆ, ವೀಳ್ಯದೆಲೆ ಬಳ್ಳಿಯೂ ಉಂಟು. ಇವನ್ನು ಉಳಿಸಿಕೊಳ್ಳಲು ಜನ ಪಡುವ ಪಾಡು ನೋಡಬೇಕು. ಜೂನ್ ಬಂದರೆ ನೆರಳಿನ ಬಟ್ಟೆ ಕಟ್ಟಬೇಕು, ಜನವರಿಯ ಚಳಿಗೆ ಹಳೇ ಬೆಡ್‌ಶೀಟ್ ಹೊದಿಸಬೇಕು. ನಾನೂ ಮಾಡುತ್ತೇನೆ. ಕರಿಬೇವಿಲ್ಲದೆ ಒಗ್ಗರಣೆ ಹೇಗೆ?

ಅದೇ ಮನೆಯ ಮುಂದಕ್ಕೆ ಬಂದರೆ ಬರೀ ಜಲ್ಲಿ. ಪುಡಿ ಗ್ರಾನೈಟ್ ಅದು, ಇಲ್ಲಿಯವರು ಡಿಜಿ ಅನ್ನುತ್ತಾರೆ. ಅದರ ಮೇಲೆ ಎರಡು ಕಳ್ಳಿ, ಒಂದು ಕತ್ತಾಳೆ, ಮುಗಿಯಿತು. ಮರುಭೂಮಿ ತಾನೇ, ಇನ್ನೇನು ಬೆಳೆಯುತ್ತೆ ಅಂತ ಕೇಳುತ್ತಾರೆ. ಹೀಗೆ ಕೇಳುವವರು ಮಾರ್ಚ್ ತಿಂಗಳಲ್ಲಿ ಕಾರಿನ ಕಿಟಕಿಯಿಂದ ಆಚೆ ನೋಡಿಲ್ಲ ಅಂತ ನನ್ನ ಗುಮಾನಿ.

ನಮ್ಮ ಈ ಸೊನೋರನ್ ಮರುಭೂಮಿಗೆ ವರ್ಷದಲ್ಲಿ ಎರಡು ಮಳೆಗಾಲ. ಚಳಿಗಾಲದಲ್ಲಿ ಪೆಸಿಫಿಕ್ ಕಡೆಯಿಂದ ಬರುವ ಜಿನುಗು ಮಳೆ. ಜುಲೈ, ಆಗಸ್ಟ್‌ನಲ್ಲಿ ಗುಡುಗು ಮತ್ತು ಧೂಳಿನ ಗೋಡೆಯ ಜೊತೆ ಬರುವ ಮಳೆ, ಅದನ್ನು ಇಲ್ಲಿಯವರೂ ಮಾನ್ಸೂನ್ ಅಂತಲೇ ಕರೆಯುತ್ತಾರೆ. ಎರಡನ್ನೂ ಕೂಡಿಸಿದರೂ ಫೀನಿಕ್ಸ್‌ಗೆ ಬೀಳುವುದು ವರ್ಷಕ್ಕೆ ಸರಾಸರಿ 180 ಮಿಲಿಮೀಟರ್ ಆಸುಪಾಸು. ಚಳ್ಳಕೆರೆ ಕಡೆ ಬೆಳೆದ ನನಗೆ ಬರ ಅಂದರೇನು ಅಂತ ಗೊತ್ತು ಅನ್ನೋ ಜಂಬ ಇತ್ತು. ಚಳ್ಳಕೆರೆಯ ಸರಾಸರಿ ಮಳೆಯೇ ಇದರ ಎರಡು ಪಟ್ಟಿಗಿಂತ ಜಾಸ್ತಿ. ಇಷ್ಟು ಕಡಿಮೆ ನೀರಿನಲ್ಲೂ ಇಲ್ಲಿನ ಬಯಲು ಹೂವಿನಿಂದ ತುಂಬುತ್ತದೆ. ಎಲ್ಲಾ ವರ್ಷವೂ ಅಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜಲ್ಲಿಯ ಮೇಲೆ ನಾನು ಬೆಳೆಸುತ್ತಿರುವುದು ಡೆಸರ್ಟ್ ಮ್ಯಾರಿಗೋಲ್ಡ್. ಹೆಸರು ಕೇಳಿ ಚೆಂಡುಹೂ ಅಂದುಕೊಳ್ಳಬೇಡಿ, ಅದು ಬೇರೆ. ಎರಡೂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದವು, ಅಷ್ಟೇ ನಂಟು. ಅಂದಹಾಗೆ, ಆಯುಧಪೂಜೆಗೆ ನಾವು ಮಾರುಗಟ್ಟಲೆ ಕೊಳ್ಳುವ ಚೆಂಡುಹೂವೂ ಮೂಲದಲ್ಲಿ ಮೆಕ್ಸಿಕೋ ಕಡೆಯದ್ದೇ. ಡೆಸರ್ಟ್ ಮ್ಯಾರಿಗೋಲ್ಡ್ ಮಾತ್ರ ತನ್ನ ನಾಡು ಬಿಟ್ಟು ಹೋಗಿಲ್ಲ. ಅರಿಜೋನಾ, ನ್ಯೂ ಮೆಕ್ಸಿಕೋ, ನೆವಾಡಾ, ಯೂಟಾ, ಕ್ಯಾಲಿಫೋರ್ನಿಯಾದ ಒಣ ಭಾಗ, ಟೆಕ್ಸಾಸ್‌ನ ಪಶ್ಚಿಮ, ಮೆಕ್ಸಿಕೋದ ಉತ್ತರ, ಇಷ್ಟೇ ಅದರ ಪ್ರಪಂಚ.

ಗಿಡ ನೋಡಲು ಸಾದಾ. ಎಲೆಗಳೆಲ್ಲ ಬುಡದಲ್ಲೇ ನೆಲಕ್ಕೆ ಅಂಟಿಕೊಂಡು ಗುಂಪಾಗಿರುತ್ತವೆ. ಅವಕ್ಕೆ ಹಸಿರು ಅನ್ನೋದಕ್ಕಿಂತ ಬೂದಿ ಬಣ್ಣ ಅನ್ನಬೇಕು, ಯಾಕಂದ್ರೆ ಮೈತುಂಬಾ ಬಿಳಿ ರೋಮ. ಆ ರೋಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಎಲೆಯಿಂದ ನೀರು ಆರಿ ಹೋಗುವುದನ್ನೂ ತಡೆಯುತ್ತದೆ. ಬುಡದಿಂದ ಒಂದಡಿ, ಒಂದೂವರೆ ಅಡಿ ಎತ್ತರದ ಬರಿಯ ಕಡ್ಡಿಗಳು ಮೇಲೇಳುತ್ತವೆ. ಕಡ್ಡಿಗೊಂದು ಹೂ. ಅದರ ಹಳದಿ ಮಾತ್ರ ಸಾದಾ ಅಲ್ಲ. ಒಂದೊಂದು ಎಸಳಿನ ತುದಿಯಲ್ಲೂ ಮೂರು ಸಣ್ಣ ಹಲ್ಲು. ಬೇರೆ ಹೂಗಳ ಹಾಗೆ ಎಸಳು ಉದುರುವುದೂ ಇಲ್ಲ. ಬಣ್ಣ ಕಳೆದುಕೊಂಡು, ಕಾಗದದ ಹಾಗಾಗಿ, ಅಲ್ಲೇ ಕೆಳಕ್ಕೆ ಜೋತು ಬೀಳುತ್ತವೆ. ಮಾರ್ಚ್‌ನಲ್ಲಿ ಶುರುವಾದ ಹೂ ಮೇ ತನಕ ಜೋರು. ಜೂನ್ ಬಿಸಿಲಿಗೆ ಸುಸ್ತು. ಮಳೆ ಬಿದ್ದರೆ ಮತ್ತೆ ನವೆಂಬರ್ ತನಕ ಬಿಡಬಹುದು. ಹೆದ್ದಾರಿ ಬದಿಯಲ್ಲಿ ಇದು ಸಾಲುಗಟ್ಟಿ ನಿಂತಿರುವುದು ಕಾಣುತ್ತದೆ. ಟಾರಿನ ಮೇಲೆ ಬಿದ್ದ ಮಳೆಯೆಲ್ಲ ಹರಿದು ಅಂಚಿಗೆ ಇಳಿಯುತ್ತದಲ್ಲ, ಆ ಹೆಚ್ಚುವರಿ ನೀರಿನಲ್ಲೇ ಅದು ಸುಖವಾಗಿರುತ್ತದೆ.

ಇದರ ಶಾಸ್ತ್ರೀಯ ಹೆಸರು ಬೈಲಿಯಾ ಮಲ್ಟಿರೇಡಿಯೇಟಾ. ಅದರ ಹಿಂದಿನ ಕಥೆ ನನಗಿಷ್ಟ. 1846ರಲ್ಲಿ ಅಮೆರಿಕ ಮೆಕ್ಸಿಕೋ ಮೇಲೆ ಯುದ್ಧಕ್ಕೆ ಹೋದಾಗ ಸೇನೆಯ ಜೊತೆ ವಿಲಿಯಂ ಎಮೊರಿ ಅನ್ನುವ ಸರ್ವೆ ಅಧಿಕಾರಿ ಇದ್ದ. ಹೀಲಾ ನದಿ ಗುಂಟ ಕ್ಯಾಲಿಫೋರ್ನಿಯಾಕ್ಕೆ ಹೊರಟ ಆ ದಾರಿ ನಾನಿರುವ ಚಾಂಡ್ಲರ್‌ನಿಂದ ದೂರವೇನಲ್ಲ. ನಕ್ಷೆ ಬರೆಯುತ್ತಾ, ಗಿಡಗಳನ್ನೂ ಒಣಗಿಸಿ ಇಟ್ಟುಕೊಳ್ಳುತ್ತಾ ಹೋದ. ಅವನ ವರದಿ 1848ರಲ್ಲಿ ಅಚ್ಚಾಯಿತು. ಈ ಹೂವಿನ ಹೆಸರು ಮೊದಲು ಪ್ರಕಟವಾಗಿದ್ದು ಆ ಸೇನಾ ವರದಿಯಲ್ಲೇ. ಹೆಸರಿಟ್ಟವರು ಸಸ್ಯಶಾಸ್ತ್ರಜ್ಞರಾದ ಹಾರ್ವೆ ಮತ್ತು ಏಸಾ ಗ್ರೇ. ಯಾರ ಹೆಸರು ಇಟ್ಟರು ಅಂದರೆ, ವೆಸ್ಟ್ ಪಾಯಿಂಟ್ ಸೇನಾ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಜೇಕಬ್ ಬೈಲಿ ಅವರದ್ದು. ಸೂಕ್ಷ್ಮದರ್ಶಕದಲ್ಲಿ ನೀರಿನ ಪಾಚಿಗಳನ್ನು ನೋಡುವುದರಲ್ಲಿ ಹೆಸರು ಮಾಡಿದವರು. ನೀರೇ ಬೇಡ ಅನ್ನುವ ಹೂವಿಗೆ ಪಾಚಿ ಪಂಡಿತರ ಹೆಸರು! ಹೀಲಾ ತೀರದ ಮೂಲನಿವಾಸಿಗಳಾದ ಓಡಮ್ ಜನರಿಗೆ ಈ ಹೂ ಹೊಸದಾಗಿರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಬಿತ್ತುವ ಕೆಲಸ ಎಷ್ಟು ಕಡಿಮೆ ಅಂದರೆ, ನಮ್ಮಂಥ ಹೊಲದ ಮನೆಯವರಿಗೆ ಇಷ್ಟೇನಾ ಅನ್ನಿಸುತ್ತದೆ. ಅಕ್ಟೋಬರ್ ಕೊನೆಯಲ್ಲಿ ಬಿಸಿಲು ಇಳಿದ ಮೇಲೆ ಜಲ್ಲಿಯ ಮೇಲೆ ಬೀಜ ಎರಚಿ, ಕುಂಟೆಯಿಂದ ಸುಮ್ನೆ ಒಮ್ಮೆ ಎಳೆದರೆ ಸಾಕು. ಅಗೆಯೋದು ಬೇಡ. ಗೊಬ್ಬರ ಬೇಡವೇ ಬೇಡ. ಗೊಬ್ಬರ ತಿಂದ ಗಿಡ ಸೊಪ್ಪು ಜಾಸ್ತಿ ಬಿಟ್ಟು, ಕಡ್ಡಿ ಮೆತ್ತಗಾಗಿ ಮಗುಚಿ ಬೀಳುತ್ತದೆ. ಜಲ್ಲಿಯ ಸಂದಿಯೇ ಬೀಜಕ್ಕೆ ತೊಟ್ಟಿಲು. ಅಲ್ಲಿ ಕೊಂಚ ತೇವ ನಿಲ್ಲುತ್ತದೆ, ಹಕ್ಕಿಗೂ ಬೀಜ ಸುಲಭಕ್ಕೆ ಸಿಗುವುದಿಲ್ಲ. ಮಳೆ ಬಂದರೆ ಸರಿ, ಬಾರದಿದ್ದರೆ ಮೊಳಕೆ ಕಾಣುವ ತನಕ ಆಗಾಗ ನೀರು ಚಿಮುಕಿಸಬೇಕು. ಚಳಿಗಾಲವಿಡೀ ಬೂದಿ ಬಣ್ಣದ ಸಣ್ಣ ಎಲೆಗುಂಪು ನೆಲಕ್ಕೆ ಅಂಟಿಕೊಂಡು ಕೂತಿರುತ್ತದೆ. ಮೇಲೆ ಏನೂ ನಡೆಯುತ್ತಿಲ್ಲ ಅನ್ನಿಸುವಾಗಲೇ ಕೆಳಗೆ ಬೇರು ಇಳಿಯುತ್ತಿರುತ್ತದೆ.

ಒಂದು ಅಪಾಯ ಮಾತ್ರ ಹೇಳಲೇಬೇಕು. ಅದು ಬಿಸಿಲಲ್ಲ, ಮೊಲವೂ ಅಲ್ಲ. ಫೀನಿಕ್ಸ್‌ನಲ್ಲಿ ಅಂಗಳ ನೋಡಿಕೊಳ್ಳುವ ಕೆಲಸದವರು ಶರತ್ಕಾಲದಲ್ಲಿ ಬಂದು ಜಲ್ಲಿಗೆಲ್ಲ ಔಷಧಿ ಹೊಡೆದು ಹೋಗುತ್ತಾರೆ. ಕಳೆ ಮೊಳೆಯುವ ಮೊದಲೇ ಕೊಲ್ಲುವ ಔಷಧಿ ಅದು. ಕಳೆ ಯಾವುದು, ಹೂ ಯಾವುದು ಅಂತ ಅದಕ್ಕೇನು ಗೊತ್ತು? ಮೊಳಕೆ ಅಂದರೆ ಮೊಳಕೆ. ಬೀಜ ಹಾಕಿದೆ, ಏನೂ ಬರಲಿಲ್ಲ, ಬೀಜ ಕಳಪೆ ಅನ್ನುವವರಿಗೆ ನಾನು ಮೊದಲು ಕೇಳೋ ಪ್ರಶ್ನೆ ಇದೇ: ಔಷಧಿ ಹೊಡೆಸಿದ್ರಾ? ಇನ್ನೊಂದು, ಜಲ್ಲಿಯ ಕೆಳಗೆ ಕಪ್ಪು ಪ್ಲಾಸ್ಟಿಕ್ ಹಾಸಿದ್ದರೆ ಬೇರು ಎಲ್ಲಿಗೆ ಇಳಿಯಬೇಕು? ಮೊದಲು ಅದನ್ನು ತೆಗೆಸಿ. ಪ್ಲಾಸ್ಟಿಕ್ ಇಲ್ಲದ ಕಡೆಯೂ ಅಲ್ಲಲ್ಲಿ ಕಲೀಚಿ ಅನ್ನುವ ಗಟ್ಟಿ ಪದರ ಸಿಗುತ್ತದೆ. ಹೊಲದಲ್ಲಿ ಗುದ್ದಲಿಗೆ ಟಣ್ ಅನ್ನಿಸುವ ನಮ್ಮ ಸುಣ್ಣಕಲ್ಲೇ ಅದು. ಅದರ ಮೇಲೆ ನೀರು ನಿಲ್ಲುತ್ತದೆ ಅಂತಾದರೆ ಆ ಜಾಗ ಬಿಟ್ಟು ಪಕ್ಕದಲ್ಲಿ ಎರಚಿ.

ನೀರಿನ ವಿಷಯಕ್ಕೆ ಬಂದಾಗಲೇ ನಮ್ಮವರ ಕೈ ತಡೆಯೋದಿಲ್ಲ. ಸಂಜೆ ಕೊಳಾಯಿ ಹಿಡಿದು ಗಿಡಕ್ಕೆ ನೀರು ಬಿಡುವುದು ನಮಗೆ ಅರ್ಧ ಕೆಲಸ, ಅರ್ಧ ಪುಣ್ಯ. ಬಾಡಿದ ಎಲೆ ಕಂಡರೆ ಕರುಳು ಚುರ್ ಅನ್ನುತ್ತದೆ. ಈ ಗಿಡ ಜೂನ್‌ನಲ್ಲಿ ಹೂ ನಿಲ್ಲಿಸಿ, ಎಲೆ ಮುದುಡಿಕೊಂಡು ಕೂತರೆ ಅದು ಬಾಯಾರಿಕೆಯಿಂದ ಅಳುತ್ತಿಲ್ಲ, ಕೆಲಸ ನಿಲ್ಲಿಸಿದೆ. ಆಗ ದಿನಾ ನೀರು ಬಿಟ್ಟರೆ ಬಿಸಿ ಮಣ್ಣು, ಒದ್ದೆ ಬೇರು ಎರಡೂ ಸೇರಿ ಬುಡ ಕೊಳೆಯುತ್ತದೆ. ಬೇರೂರಿದ ಗಿಡಕ್ಕೆ ಬೇಸಿಗೆಯಲ್ಲಿ ಎರಡು ವಾರಕ್ಕೋ ಮೂರು ವಾರಕ್ಕೋ ಒಮ್ಮೆ ಆಳಕ್ಕೆ ಇಳಿಯುವಂತೆ ನೀರು ಕೊಟ್ಟರೆ ಹೂ ಸ್ವಲ್ಪ ಹೆಚ್ಚು ದಿನ ಸಿಗುತ್ತದೆ. ಕೊಡದಿದ್ದರೂ ಗಿಡ ನಿಮ್ಮ ಮೇಲೆ ಮುನಿಸಿಕೊಳ್ಳೋದಿಲ್ಲ.

ಅರಿಜೋನಾದಲ್ಲಿ ಮನೆಬಳಕೆಯ ನೀರಿನಲ್ಲಿ ಶೇ. 70ರವರೆಗೂ ಅಂಗಳಕ್ಕೇ ಹೋಗುತ್ತದೆ. ಕೊಲರಾಡೋ ನದಿಯಲ್ಲಿ ನೀರು ಸಾಲದು ಅಂತ ಅಧಿಕೃತವಾಗಿ ಮೊದಲ ಸಲ ಘೋಷಿಸಿದ್ದು 2021ರ ಆಗಸ್ಟ್‌ನಲ್ಲಿ. ಆ ನದಿಯ ನೀರು ನಮಗೆ ಬರುವುದು 336 ಮೈಲಿ ಉದ್ದದ ಕಾಲುವೆಯಿಂದ, ದಾರಿಯಲ್ಲಿ ಗುಡ್ಡಗಳ ಮೇಲಕ್ಕೆ ಪಂಪ್ ಮಾಡಿಸಿಕೊಂಡು. ಹುಲ್ಲುಹಾಸು ಕಿತ್ತು ಹಾಕಿದರೆ ದುಡ್ಡು ಕೊಡುವ ನಗರಸಭೆಗಳೂ ಇಲ್ಲಿವೆ. ಹುಲ್ಲು ಕಿತ್ತವರು ಅಲ್ಲಿ ಬರೀ ಕಲ್ಲು ಸುರಿಯುತ್ತಾರೆ ಅನ್ನೋದೇ ನನ್ನ ಬೇಸರ. ಬರಿ ಕಲ್ಲು ಬಿಸಿಲನ್ನು ಹಿಡಿದಿಟ್ಟು ರಾತ್ರಿಯೆಲ್ಲ ಬಿಡುತ್ತದೆ. 2023ರ ಜುಲೈ ನೆನಪಿದೆಯಾ? ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ದಾಟಿತ್ತು. ಅದರ ಮಧ್ಯೆ 16 ದಿನ ಬೆಳಗಿನ ಜಾವಕ್ಕೂ 32 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಸಗ್ವಾರೋ ಕಳ್ಳಿಗಳೇ ತೋಳು ಉದುರಿಸಿಕೊಂಡವು. ರಾತ್ರಿ ತಂಪಿಲ್ಲದಿದ್ದರೆ ಕಳ್ಳಿಗೆ ಉಸಿರಾಟ ಕಷ್ಟ, ಅವು ಉಸಿರಾಡುವ ಸಣ್ಣ ರಂಧ್ರಗಳನ್ನು ತೆರೆಯುವುದೇ ರಾತ್ರಿ ಹೊತ್ತಿನಲ್ಲಿ.

ಆ ಬೇಸಿಗೆಯಲ್ಲಿ ನಮ್ಮ ಮ್ಯಾರಿಗೋಲ್ಡ್‌ಗಳಲ್ಲಿ ಹೆಚ್ಚಿನವು ಸತ್ತವು. ಹಾಗಾದರೆ ಬರ ತಡೆಯುತ್ತೆ ಅಂದಿದ್ದು ಸುಳ್ಳಾ ಅಂತ ಮನೆಯಲ್ಲಿ ಕೇಳಿದರು. ಬರ ತಡೆಯುವ ಗಿಡ ಅಂದ ತಕ್ಷಣ ನಮ್ಮ ಮನಸ್ಸಿಗೆ ಬರುವುದು ಎದೆ ಕೊಟ್ಟು ನಿಲ್ಲುವ ಗಿಡ, ಬನ್ನಿ ಅಥವಾ ಜಾಲಿ ಮರದ ಥರದ್ದು. ಇದು ಆ ಜಾತಿಯದ್ದಲ್ಲ. ಇದರ ಆಯಸ್ಸೇ ಕಡಿಮೆ. ಒಂದು ವರ್ಷ, ಹೆಚ್ಚೆಂದರೆ ಎರಡು ಮೂರು ವರ್ಷ. ಬರ ಎದುರಿಸುವ ಕೆಲಸದಲ್ಲಿ ದೊಡ್ಡ ಪಾಲು ಬೀಜದ್ದು.

ಇಲ್ಲಿಂದ ದಕ್ಷಿಣಕ್ಕೆ ಟೂಸಾನ್‌ನಲ್ಲಿ ಟುಮಮಾಕ್ ಗುಡ್ಡ ಇದೆ. ಮರುಭೂಮಿ ಅಧ್ಯಯನಕ್ಕೆ ಅಂತ 1903ರಲ್ಲೇ ಅಲ್ಲಿ ಪ್ರಯೋಗಾಲಯ ಕಟ್ಟಿದ್ದರು. ಅರಿಜೋನಾ ವಿಶ್ವವಿದ್ಯಾಲಯದ ಲಾರೆನ್ಸ್ ವೆನಬಲ್ ಮತ್ತು ಅವರ ಜೊತೆಯವರು 1980ರ ದಶಕದಿಂದ ಆ ಗುಡ್ಡದ ಚಳಿಗಾಲದ ಹೂಗಿಡಗಳನ್ನು ಲೆಕ್ಕ ಇಡುತ್ತಾ ಬಂದಿದ್ದಾರೆ. ಒಂದೇ ಮಳೆಗಾಲ ಬಾಳುವ ಗಿಡಗಳವು. ಎಷ್ಟು ಬೀಜ ಮೊಳೆತವು, ಎಷ್ಟು ನೆಲದಲ್ಲೇ ಉಳಿದವು, ಮೊಳೆತದ್ದರಲ್ಲಿ ಎಷ್ಟು ಬೀಜ ಬಿಟ್ಟವು, ಇದನ್ನು ವರ್ಷವರ್ಷವೂ ಎಣಿಸುವ ಕೆಲಸ. ಎಂಥಾ ತಾಳ್ಮೆ ಬೇಕು, ಅಲ್ವಾ? ಅವರು ಕಂಡದ್ದು ಇಷ್ಟು: ಮಳೆ ಚೆನ್ನಾಗಿ ಬಿದ್ದರೂ ಬೀಜಗಳೆಲ್ಲ ಒಟ್ಟಿಗೆ ಮೊಳೆಯುವುದಿಲ್ಲ. ಒಂದು ಪಾಲು ಮಣ್ಣಿನಲ್ಲೇ ಉಳಿಯುತ್ತದೆ. ಯಾವ ಗಿಡದ ಅದೃಷ್ಟ ವರ್ಷದಿಂದ ವರ್ಷಕ್ಕೆ ಹೆಚ್ಚು ಏರುಪೇರಾಗುತ್ತದೋ ಅದು ಹೆಚ್ಚು ಬೀಜವನ್ನು ಕೆಳಗೇ ಉಳಿಸಿಕೊಳ್ಳುತ್ತದೆ. ಹೀಗಾಗಬೇಕು ಅಂತ ಗಣಿತದ ಲೆಕ್ಕದಲ್ಲಿ ಡಾನ್ ಕೊಹೆನ್ ಅನ್ನುವವರು 1966ರಲ್ಲೇ ತೋರಿಸಿದ್ದರು. ಗುಡ್ಡದ ಗಿಡಗಳು ಲೆಕ್ಕ ಸರಿ ಅಂದವು.

ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಮಳೆಗೇ ಇದ್ದಬದ್ದ ಬಿತ್ತನೆ ಬೀಜವನ್ನೆಲ್ಲ ನೆಲಕ್ಕೆ ಹಾಕಿದವನನ್ನು ಬಯಲುಸೀಮೆಯಲ್ಲಿ ಜಾಣ ಅನ್ನೋದಿಲ್ಲ. ಮಳೆ ಕೈಕೊಟ್ಟರೆ ಎರಡನೇ ಬಿತ್ತನೆಗೆ ಬೇಕಲ್ಲ? ಶೇಂಗಾ ಹೊಲದಲ್ಲಿ ತೊಗರಿಯದ್ದೋ ಅಲಸಂದೆಯದ್ದೋ ಅಕ್ಕಡಿ ಸಾಲು ಬಿಡುವುದೂ ಅದೇ ಬುದ್ಧಿ. ಒಂದು ಹೋದರೆ ಇನ್ನೊಂದಾದರೂ ಕೈಗೆ ಬರಲಿ ಅಂತ.

2024ರ ವಸಂತದಲ್ಲಿ ನಮ್ಮ ಅಂಗಳಕ್ಕೆ ಮತ್ತೆ ಹಳದಿ ಬಂತು. ನಾನು ಹೊಸದಾಗಿ ಒಂದು ಬೀಜವನ್ನೂ ಎರಚಿರಲಿಲ್ಲ. ಆಮೇಲೆ 2024ರ ಆಗಸ್ಟ್ ಕೊನೆಯಿಂದ ಸುಮಾರು ಐದು ತಿಂಗಳು ಫೀನಿಕ್ಸ್‌ನಲ್ಲಿ ಅಳೆಯುವಷ್ಟು ಮಳೆಯೇ ಬೀಳಲಿಲ್ಲ. 2025ರ ವಸಂತ ಎಲ್ಲೆಡೆ ಪೊಳ್ಳು. ನಮ್ಮಲ್ಲೂ ಅಷ್ಟೇ, ನಲ್ಲಿಯ ಹತ್ತಿರದ ನಾಲ್ಕಾರು ಗಿಡ ಬಿಟ್ಟರೆ ಬರೀ ಜಲ್ಲಿ. ಇಂಥ ವರ್ಷ ಈ ಹೂ ಬೆಳೆಸುವವರ ಪಾಲಿಗೆ ಬಂದೇ ಬರುತ್ತದೆ. ಹೂ ಗ್ಯಾರಂಟಿ ಬೇಕು ಅನ್ನುವವರು ಬೋಗನ್‌ವಿಲ್ಲಾ ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ.

ಹೀಗೆ ಬೀಜದಿಂದ ಬೀಜಕ್ಕೆ ಸಾಗುವ ಗಿಡವನ್ನು ಬೆಳೆಸೋದು ಅಂದರೆ ಅದು ಒಣಗಿ ಕಂದಾಗುವುದನ್ನು ವಾರಗಟ್ಟಲೆ ನೋಡಿಕೊಂಡು ಸುಮ್ಮನಿರುವುದು. ಕಷ್ಟ ಅನ್ನೋದು ಇದ್ದರೆ ಅದೇ. ಕಾಗದದಂಥ ಎಸಳು ಜೋತುಬಿದ್ದ ತಲೆಗಳು, ಮುರಿದ ಕಡ್ಡಿಗಳು, ಅಂಗಳ ಯಾರೋ ಬಿಟ್ಟುಹೋದ ಮನೆಯ ಅಂಗಳದ ಹಾಗೆ ಕಾಣುತ್ತದೆ. ನಮ್ಮ ಬಡಾವಣೆಯ ಮನೆಮಾಲೀಕರ ಸಂಘದಿಂದ ಒಮ್ಮೆ ಕಾಗದವೂ ಬಂತು. ಮುಂದಿನ ಅಂಗಳದಲ್ಲಿ ಸತ್ತ ಗಿಡಗಳಿವೆ, ತೆಗೆಯಿರಿ ಅಂತ, ಜೊತೆಗೊಂದು ಫೋಟೋ. ಫೋಟೋದಲ್ಲಿದ್ದ ಗಿಡದ ಒಂದೊಂದು ತಲೆಯಲ್ಲೂ ಬೀಜ ತುಂಬಿತ್ತು. ನಾನು ಉತ್ತರ ಬರೆದೆ. ಇದು ಸ್ಥಳೀಯ ಹೂ, ಬೀಜ ಬಲಿಯುತ್ತಿದೆ, ಇಷ್ಟು ದಿನ ಸಮಯ ಕೊಡಿ ಅಂತ. ಕೊಟ್ಟರು. ಆಗಿನಿಂದ ಒಂದು ಹೊಂದಾಣಿಕೆಗೆ ಬಂದಿದ್ದೇನೆ. ರಸ್ತೆಗೆ ಕಾಣುವ ಅಂಚಿನಲ್ಲಿ ಒಣ ಹೂ ಕತ್ತರಿಸುತ್ತೇನೆ, ಕತ್ತರಿಸಿದರೆ ಹೊಸ ಹೂವೂ ಬೇಗ ಬರುತ್ತದೆ. ಮನೆಗೋಡೆ ಕಡೆಯವನ್ನು ಮುಟ್ಟುವುದಿಲ್ಲ.

ಮುಟ್ಟದೆ ಬಿಟ್ಟ ಕಡೆಯೇ ನೋಡಲು ಜಾಸ್ತಿ ಇರುತ್ತದೆ. ಬೀಜಕ್ಕೆ ಲೆಸ್ಸರ್ ಗೋಲ್ಡ್‌ಫಿಂಚ್ ಅನ್ನುವ ಹಳದಿ ಹೊಟ್ಟೆಯ ಪುಟ್ಟ ಹಕ್ಕಿಗಳು ಬರುತ್ತವೆ. ಇವುಗಳ ಭಾರಕ್ಕೆ ಕಡ್ಡಿ ಬಗ್ಗುತ್ತದೆ, ಬಗ್ಗಿದ ಕಡ್ಡಿಯ ಮೇಲೆ ತಲೆಕೆಳಗಾಗಿ ನಿಂತು ತಿನ್ನುತ್ತವೆ. ಹೂವಿದ್ದಾಗ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೇನುನೊಣಗಳು. ಅರಿಜೋನಾದಲ್ಲಿ ಸ್ಥಳೀಯ ಜೇನುನೊಣಗಳೇ ಸಾವಿರಕ್ಕೂ ಹೆಚ್ಚು ಜಾತಿ ಇವೆ. ಹೆಚ್ಚಿನವು ಗೂಡು ಕಟ್ಟಿ ಗುಂಪಾಗಿ ಬಾಳುವವಲ್ಲ, ನೆಲದಲ್ಲಿ ತೂತು ಮಾಡಿಕೊಂಡು ಒಂಟಿಯಾಗಿ ಇರುವವು. ಹಾಗಾಗಿ ಅಂಗಳದಲ್ಲಿ ಅಲ್ಲಲ್ಲಿ ಬರಿನೆಲ ಇರಬೇಕು. ಈ ಹೂವನ್ನೇ ನಂಬಿಕೊಂಡ ಒಂದು ಪತಂಗವೂ ಇದೆ, ಸ್ಕಿನಿಯಾ ಮಿನಿಯಾನಾ. ಅದರ ಹುಳು ಹೂವಿನ ತಲೆಯಲ್ಲೇ ಕೂತು ಮೇಯುತ್ತದೆ. ಹುಳ ಬಿತ್ತು ಅಂತ ಸ್ಪ್ರೇ ಹಿಡಿದು ಓಡಬೇಡಿ.

ಕುರಿಗಳ ನಾಡಿನಿಂದ ಬಂದ ನನಗೆ ತಿಳಿದಾಗ ನಗು ಬಂದ ಸಂಗತಿ ಇದು: ಈ ಗಿಡ ಕುರಿ ಮೇಕೆಗಳಿಗೆ ವಿಷ. ಮೇವು ಚೆನ್ನಾಗಿದ್ದಾಗ ಅವು ಮುಟ್ಟುವುದಿಲ್ಲ. ಮೇಯಿಸಿ ಮೇಯಿಸಿ ನೆಲ ಬೋಳಾದ ಕಡೆ ಬೇರೆ ದಾರಿಯಿಲ್ಲದೆ ತಿಂದು ಸಾಯುತ್ತವೆ. ಚಾಂಡ್ಲರ್‌ನ ಬಡಾವಣೆಯಲ್ಲಿ ಕುರಿ ಎಲ್ಲಿಂದ ಬರಬೇಕು? ಮೊಲಗಳು ಬರುತ್ತವೆ. ಎಳೇ ಮೊಳಕೆ ಕಡಿಯುತ್ತವೆ, ಎಲೆಗೆ ರೋಮ ಬಲಿತ ಮೇಲೆ ಅಷ್ಟಾಗಿ ಬಾಯಿ ಹಾಕುವುದಿಲ್ಲ.

ನನಗೆ ಕೆಲಸ ಜಾಸ್ತಿ ಇರುವುದು ಕೀಳುವುದರಲ್ಲಿ, ಅದೂ ಬೇರೆಯವುಗಳನ್ನು. ಬಫೆಲ್ ಹುಲ್ಲು ಅಂತ ಇದೆ. ಆಫ್ರಿಕಾದಿಂದ ಭಾರತದವರೆಗೆ ಅದರ ತವರು, ರಾಜಸ್ಥಾನದ ಕಡೆ ಅಂಜನ್ ಅಂತ ಮೇವಿಗೆ ಬೆಳೆಸುತ್ತಾರೆ. ಇಲ್ಲಿಗೂ ದನದ ಮೇವಿಗೆ ಅಂತಲೇ ತಂದರು. ಈಗ ಗುಡ್ಡಗಳ ತುಂಬಾ ಹಬ್ಬಿದೆ, ಬೇಸಿಗೆಯಲ್ಲಿ ಒಣಗಿ ಬೆಂಕಿ ಹೊತ್ತಿಸಿಕೊಳ್ಳುತ್ತದೆ. ಸೊನೋರನ್ ಮರುಭೂಮಿಯ ಗಿಡಗಳಿಗೆ ಬೆಂಕಿ ಅಭ್ಯಾಸವೇ ಇಲ್ಲ, ಸಗ್ವಾರೋ ಸುಟ್ಟರೆ ಹೋದಂತೆಯೇ. ಇತ್ತ ಅಮೆರಿಕ ಖಂಡದಿಂದ ಹೊರಟ ಪಾರ್ಥೇನಿಯಂ ನಮ್ಮ ಹೊಲದ ಬದುಗಳಲ್ಲಿ ಕಾಂಗ್ರೆಸ್ ಗಿಡ ಅಂತ ಹೆಸರು ಪಡೆದು ಏನೆಲ್ಲ ಮಾಡಿದೆ ಅಂತ ನಿಮಗೆ ಗೊತ್ತೇ ಇದೆ. ಅದೂ ಸೂರ್ಯಕಾಂತಿ ಕುಟುಂಬದ್ದೇ. ಮತ್ತೊಂದು ಸ್ಟಿಂಕ್‌ನೆಟ್, ದಕ್ಷಿಣ ಆಫ್ರಿಕಾದ್ದು. ಎಸಳಿಲ್ಲದ ಹಳದಿ ಗುಂಡುಹೂ, ಕೆಟ್ಟ ವಾಸನೆ. ದೂರದಿಂದ ನೋಡಿ ಕಾಡುಹೂ ಅಂದುಕೊಂಡು ಬಿಡುವವರು ಬಹಳ. ಫೆಬ್ರವರಿಯಲ್ಲಿ, ಗುಂಡು ಬಲಿಯುವ ಮೊದಲೇ ಕೈಗವಸು ಹಾಕಿ ಕಿತ್ತು ಚೀಲಕ್ಕೆ ತುಂಬಬೇಕು.

ಬೀಜ ಎಲ್ಲಿ ಸಿಗುತ್ತೆ ಅಂತ ಕೇಳುತ್ತೀರಿ. ದಯವಿಟ್ಟು ಗುಡ್ಡಕ್ಕೆ ಹೋಗಿ ಗಿಡ ಕಿತ್ತು ತರಬೇಡಿ, ಅರಿಜೋನಾದಲ್ಲಿ ಸ್ಥಳೀಯ ಗಿಡಗಳಿಗೆ ಕಾನೂನಿನ ಕಾವಲಿದೆ. ಕಿತ್ತು ತಂದದ್ದು ಬದುಕುವುದೂ ಕಷ್ಟ. ಫೀನಿಕ್ಸ್‌ನ ಡೆಸರ್ಟ್ ಬೊಟಾನಿಕಲ್ ಗಾರ್ಡನ್‌ನಲ್ಲಿ ವಸಂತಕ್ಕೊಮ್ಮೆ, ಶರತ್ಕಾಲಕ್ಕೊಮ್ಮೆ ಗಿಡಗಳ ಮಾರಾಟ ಇರುತ್ತದೆ. ಟೂಸಾನ್‌ನ ನೇಟಿವ್ ಸೀಡ್ಸ್ ಸರ್ಚ್ 1983ರಿಂದ ಈ ಭಾಗದ ಬೀಜ ಕಾಪಾಡುವ ಸಂಸ್ಥೆ, ಕಾಡುಹೂವಿನ ಬೀಜವನ್ನೂ ಮಾರುತ್ತದೆ. ನಮ್ಮ ಆಸುಪಾಸಿನಲ್ಲಿದ್ದರೆ ಮೇ ಕೊನೆಯಲ್ಲಿ ಒಂದು ಕಾಗದದ ಕವರ್ ಹಿಡಿದು ಬನ್ನಿ, ಒಣ ತಲೆ ಉಜ್ಜಿದರೆ ಬೀಜ ಕೈಗೇ ಉದುರುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ಬೆವರುತ್ತದೆ. ನವೆಂಬರ್ ಮುಗಿಯುವುದರೊಳಗೆ ಎರಚಿಬಿಡಿ. ಅದಕ್ಕೂ ಮೊದಲು ಅಂಗಳದ ಕೆಲಸದವರಿಗೆ ಫೋನ್ ಮಾಡಿ, ಈ ವರ್ಷ ಔಷಧಿ ಬೇಡ ಅಂತ ಹೇಳಿ.